ಹುಬ್ಬಳ್ಳಿಯಲ್ಲೊಂದು, ಗದಗದಲ್ಲೊಂದು ಡಿವೋರ್ಸ್ ಕೇಸ್

ಸರ್, ನೀವು ಹುಬ್ಬಳ್ಳಿಯಲ್ಲಿ ಡಿವೋರ್ಸ್ ಅರ್ಜಿ ಹಾಕಿದ ಮೇಲೆ ನಿಮ್ಮ ಹೆಂಡತಿ ತವರೂರು ಗದಗದಲ್ಲಿ ಇನ್ನೊಂದು ಹಾಕಿದ್ದಾರೆ. ಯಾವುದು ನಡೆಯುತ್ತದೆ ಅಂತ ಕೇಳಿದ್ದೀರಿ. ಎರಡೂ ನಡೆಯುತ್ತವೆ, ಆದರೆ ಒಂದೇ ಕೋರ್ಟಿನಲ್ಲಿ, ಒಟ್ಟಿಗೆ. ಹಿಂದೂ ವಿವಾಹ ಕಾಯ್ದೆಯ 21ಎ ಕಲಂ ಪ್ರಕಾರ ನಂತರದ ಅರ್ಜಿ ಮೊದಲನೆಯದು ಇರುವ ಕೋರ್ಟಿಗೆ ವರ್ಗವಾಗಬೇಕು. ಆದರೆ ಅದು ತಾನಾಗಿಯೇ ಆಗುತ್ತದೆ ಅಂತ ಕೂರಬೇಡಿ. ಗದಗದ ನೋಟಿಸ್ ಬಂದರೆ ವಕೀಲರ ಮೂಲಕ ಹಾಜರಾಗಿ ಈ ವಿಷಯ ಹೇಳಿ. ಇಲ್ಲದಿದ್ದರೆ ಅಲ್ಲಿ ಏಕಪಕ್ಷೀಯ ಆದೇಶ, ಅಂದರೆ ನಿಮ್ಮ ಮಾತು ಕೇಳದೆಯೇ ಆದೇಶ, ಆಗಬಹುದು.

ಮೊದಲು ಹಾಕಿದ್ದಕ್ಕೆ ಗೆದ್ದಂತೆಯೂ ಅಲ್ಲ. ನಿಮ್ಮ ಹೆಂಡತಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ, ಎರಡನ್ನೂ ಗದಗಕ್ಕೆ ಕಳಿಸಿ ಅಂತ ಕೇಳಬಹುದು. ಚಿಕ್ಕ ಮಗು, ಸ್ವಂತ ದುಡಿಮೆ ಇಲ್ಲದಿರುವುದು, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಹೆಂಡತಿಯ ಅನುಕೂಲಕ್ಕೇ ತೂಕ ಜಾಸ್ತಿ. ಗದಗ ಹೆಚ್ಚೂಕಡಿಮೆ 60 ಕಿಲೋಮೀಟರ್, ಅಷ್ಟಕ್ಕೆ ಹೈಕೋರ್ಟಿನಲ್ಲಿ ಜಗಳಾಡುವುದು ನನ್ನ ಪ್ರಕಾರ ಸುಮ್ನೆ ದುಡ್ಡು ದಂಡ.

‘ಇಬ್ಬರಿಗೂ ಬೇಡವಾದ ಮೇಲೆ ಜಡ್ಜ್ ತಕ್ಷಣ ಕೊಡಬೇಕಲ್ವಾ?’ ಅಂದಿದ್ದೀರಿ. ಇಲ್ಲ. ಇಬ್ಬರೂ ಕ್ರೌರ್ಯ ಅಂತ ಬರೆದಿದ್ದರೆ ಅವರವರ ಆರೋಪವನ್ನು ಅವರವರೇ ಸಾಬೀತು ಮಾಡಬೇಕು. ಯಾರೂ ಮಾಡದಿದ್ದರೆ ಎರಡೂ ವಜಾ ಆಗಬಹುದು!

ನಿಜವಾಗಿ ಇಬ್ಬರೂ ಒಪ್ಪಿದ್ದರೆ ಅದೇ ಕಾಯ್ದೆಯ 13ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಿ. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕೇಸಿನಲ್ಲಿ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಜೀವನಾಂಶ, ಮಗುವಿನ ವಿಷಯ ಮಾತ್ರ ಮೊದಲೇ ಕೂತು ಬರವಣಿಗೆಯಲ್ಲಿ ಮಾಡಿಕೊಳ್ಳಿ.