ನಾಣ್ಯ ಚಾವಡಿ: ಯಾರೂ ನೋಡದ ನಾಣ್ಯ ನಿಮಗೆ ಯಾವುದು ಸಿಗ್ಬೇಕು?

ಹೋದ ಸಂಚಿಕೆಯಲ್ಲಿ ನಾನೊಂದು ಕೇಳಿದ್ದೆ, ಇಲ್ಲಿವರೆಗೆ ಯಾರ ಕಣ್ಣಿಗೂ ಬೀಳದ ನಾಣ್ಯ ಒಂದು ನಿಮ್ಮ ಕೈಗೆ ಬರ್ತದೆ ಅಂತಾದ್ರೆ ಯಾವುದು ಬೇಕು ಅಂತ. ಪತ್ರ ಬಂತು, ವಾಟ್ಸಾಪ್ ಬಂತು, ಉತ್ತರ ಹೇಳೋದು ಬಿಟ್ಟು ತಿರುಗಿ ನನಗೇ ಪ್ರಶ್ನೆ ಹಾಕಿದವರೇ ಜಾಸ್ತಿ. ಜಾಗ ಇದ್ದಷ್ಟು ತಗೊಂಡಿದ್ದೇನೆ, ಉಳಿದದ್ದು ಮುಂದಿನ ಸಲ.

ಮೊದಲು ನಿಮ್ಮದು ಹೇಳಿ ಸರ್, ನಿಮಗೆ ಯಾವುದು ಬೇಕು?
(ಬ್ರಹ್ಮಾವರದಿಂದ ನಿವೃತ್ತ ಮೇಷ್ಟ್ರೊಬ್ಬರು)

ನನಗೆ ಬಾರಕೂರು ಗದ್ಯಾಣ ಬೇಕು ಮೇಷ್ಟ್ರೇ, ಎರಡನೇ ಮಾತೇ ಇಲ್ಲ. ಗದ್ಯಾಣ ಅಂದ್ರೆ ಹಳೇ ಕಾಲದ ಚಿನ್ನದ ನಾಣ್ಯ. ನಿಮ್ಮ ಮನೆಯಿಂದ ಬಾರಕೂರಿಗೆ ಎಷ್ಟು ದೂರ ಹೇಳಿ, ಬಸ್ಸಲ್ಲಿ ಕೂತು ಚೀಟಿ ತಗೊಳ್ಳೋದ್ರೊಳಗೆ ಬರ್ತದೆ. ನಮ್ಮ ಕರಾವಳಿಯ ಶಾಸನಗಳಲ್ಲಿ ದೇವಸ್ಥಾನಕ್ಕೆ ಇಷ್ಟು ಬಿಟ್ಟರು, ಭೂಮಿಗೆ ಇಷ್ಟು ಕೊಟ್ಟರು ಅಂತ ಬರೀವಾಗ ಬರೀ ಗದ್ಯಾಣ ಅಂತ ಬಿಡೋದಿಲ್ಲ, ಬಾರಕೂರ ಗದ್ಯಾಣ, ಮಂಗಳೂರ ಗದ್ಯಾಣ ಅಂತ ಊರಿನ ಹೆಸರು ಸೇರಿಸಿ ಬರೀತಾರೆ. ಅಂದ್ರೆ ತಗೊಳ್ಳೋರಿಗೂ ಕೊಡೋರಿಗೂ ಯಾವ ಊರಿನ ಗದ್ಯಾಣ ಅನ್ನೋದು ಮುಖ್ಯ ಆಗಿತ್ತು, ತೂಕದ್ದೋ ಚಿನ್ನದ ಬಣ್ಣದ್ದೋ ಏನೋ ಒಂದು ವ್ಯತ್ಯಾಸ ಇದ್ದಿರ್ಲೇಬೇಕು, ಇಲ್ಲದಿದ್ರೆ ಕಲ್ಲಲ್ಲಿ ಕೆತ್ತಿಸೋ ಖರ್ಚು ಯಾರು ಮಾಡ್ತಾರೆ?

ಹಿಂದೆ ನಮ್ಮ ತುಳುನಾಡು ಆಳಿದ ಆಳುಪ ಅರಸರ ಚಿನ್ನದ ನಾಣ್ಯ ಈಗ ಸಿಕ್ಕಿರೋದು ನೋಡಿ, ಒಂದು ಬದಿ ಎರಡು ಮೀನು, ಮೇಲೊಂದು ಕೊಡೆ, ಇನ್ನೊಂದು ಬದಿ ಶ್ರೀ ಪಾಂಡ್ಯ ಧನಂಜಯ ಅಂತ ಬರಹ. ಚಂದ ಉಂಟು, ಆದ್ರೆ ಊರಿನ ಹೆಸರಿಲ್ಲ. ಬಾರಕೂರಿನ ಟಂಕಸಾಲೆಯಲ್ಲಿ ಹೊಡೆದ ನಾಣ್ಯ ಯಾವುದು ಮಂಗಳೂರಿನದ್ದು ಯಾವುದು ಅಂತ ನಾಣ್ಯ ಬಾಯಿ ಬಿಟ್ಟು ಹೇಳೋದಿಲ್ಲ. ಹಾಗಾಗಿ ನಾನು ಮನಸ್ಸಲ್ಲಿ ಇಟ್ಟುಕೊಂಡಿರೋ ನಾಣ್ಯದಲ್ಲಿ ಅದೇ ಎರಡು ಮೀನು ಇರ್ತದೆ, ಕೆಳಗೆ ಹಳಗನ್ನಡ ಅಕ್ಷರದಲ್ಲಿ ಬಾರಕನೂರು ಅಂತ ಬಾರಕೂರಿನ ಹಳೇ ಹೆಸರು ಇರ್ತದೆ, ಅಷ್ಟೇ. ಅದೊಂದು ಸಿಕ್ಕಿದ್ರೆ ಕಲ್ಲಲ್ಲಿರೋ ಮಾತೂ ಕೈಯಲ್ಲಿರೋ ಚಿನ್ನವೂ ಒಂದಕ್ಕೊಂದು ಕೂಡ್ತದೆ.

ಯಾಕೆ ಸಿಗ್ಲಿಲ್ಲ ಅಂದ್ರೆ ಚಿನ್ನದ ನಾಣ್ಯಕ್ಕೆ ದೊಡ್ಡ ಶತ್ರು ಮುಂದಿನ ರಾಜ. ಆಳುಪರದ್ದು ಹೋಗಿ ವಿಜಯನಗರ ಬಂತು, ಬಾರಕೂರು ಮಂಗಳೂರು ಎರಡೂ ಅವರ ರಾಜ್ಯಗಳಾದ್ವು, ಆಮೇಲೆ ಕೆಳದಿಯವರ ಇಕ್ಕೇರಿ ವರಾಹ ಅನ್ನೋ ಚಿನ್ನದ ನಾಣ್ಯ, ಆಮೇಲೆ ಹೈದರ್ ಟಿಪ್ಪು, ಆಮೇಲೆ ಈಸ್ಟ್ ಇಂಡಿಯಾ ಕಂಪನಿ. ಪ್ರತಿ ಸಲವೂ ಹಳೇದು ಮೂಸೆಗೆ ಬಿದ್ದು ಹೊಸದಾಗ್ತದೆ. ಉಳಿಯೋದು ಯಾರೋ ಮಣ್ಣಲ್ಲಿ ಹೂತಿಟ್ಟು ವಾಪಸ್ ಬಾರದೆ ಹೋದದ್ದು ಮಾತ್ರ.

ನಮ್ಮ ಪರಿಚಯದವರ ಹತ್ರ ಪಾಂಡ್ಯ ಅಂತ ಬರೆದ ನಾಣ್ಯದ ಫೋಟೋ ಉಂಟು, ಅದು ಭೂತಾಳ ಪಾಂಡ್ಯನದ್ದು ಅಂತಾರೆ. ಹೌದಾ?
(ಮೂಡುಬಿದಿರೆ)

ಅಲ್ಲ. ಪಾಂಡ್ಯ ಅನ್ನೋದು ಆಳುಪ ಅರಸರು ಇಟ್ಟುಕೊಳ್ತಿದ್ದ ಬಿರುದು, ಮೇಲೆ ಹೇಳಿದ ಧನಂಜಯ ನಾಣ್ಯವೇ ಇರ್ಬೇಕು ನಿಮ್ಮ ಫೋಟೋದಲ್ಲಿ. ಭೂತಾಳ ಪಾಂಡ್ಯ ನಮ್ಮ ಅಳಿಯಸಂತಾನದ ಕತೆಯ ಅರಸ. ಕುಂಡೋದರ ಅನ್ನೋ ಭೂತ ಬಲಿ ಕೇಳಿದ, ಹೆಂಡತಿ ತನ್ನ ಮಕ್ಕಳನ್ನ ಕೊಡ್ಲಿಲ್ಲ, ತಂಗಿ ತನ್ನ ಮಗನನ್ನ ಕೊಟ್ಟಳು, ಹಾಗಾಗಿ ಆಸ್ತಿ ಅಳಿಯನಿಗೆ, ಅಂದ್ರೆ ತಂಗಿಯ ಮಗನಿಗೆ ಹೋಯ್ತು ಅನ್ನೋ ಕತೆ ನಮ್ಮಲ್ಲಿ ಎಷ್ಟು ಮನೆಯಲ್ಲಿ ಹೇಳ್ತಾರೆ. ಆ ಅರಸನ ಹೆಸರಲ್ಲಿ ಒಂದು ನಾಣ್ಯ ಸಿಕ್ಕಿದ್ರೆ ಇಡೀ ತುಳುನಾಡಿನ ಚರಿತ್ರೆ ಪುಸ್ತಕ ಹೊಸದಾಗಿ ಬರೀಬೇಕಾದೀತು, ಆಸೆಪಡ್ಲಿಕ್ಕೆ ಯೋಗ್ಯ ನಾಣ್ಯ ಅದು ಖಂಡಿತ. ಆದ್ರೆ ಫೋಟೋ ತೋರಿಸಿ ಅದೇ ಇದು ಅಂತ ಯಾರಾದ್ರೂ ರೇಟ್ ಹೇಳಿದ್ರೆ ಒಂದು ರೂಪಾಯಿಯೂ ಕೊಡ್ಬೇಡಿ.

ಉಡುಪಿ ಹತ್ರದ ಪಾಜಕದಲ್ಲಿ ಮಧ್ವಾಚಾರ್ಯರು ಬಾಲಕನಾಗಿದ್ದಾಗ ಹುಣಸೆ ಬೀಜ ಕೊಟ್ಟು ತಂದೆಯ ಸಾಲ ತೀರಿಸಿದ ಕತೆ ಉಂಟಲ್ಲ ಸರ್, ಆ ಬೀಜ ಯಾವ ನಾಣ್ಯ ಆಗಿದ್ದಿರಬಹುದು? ನನ್ನ ಮಗಳು ಕೇಳಿದ್ಳು, ನನಗೆ ಹೇಳ್ಲಿಕ್ಕೆ ಗೊತ್ತಾಗ್ಲಿಲ್ಲ.
(ಶಿರ್ವದಿಂದ ಒಬ್ಬ ತಾಯಿ)

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಇದು ಅಮ್ಮ, ಮಗಳಿಗೆ ಹೇಳಿ. ಸಾಲ ಕೊಟ್ಟವ ಬಾಗಿಲಲ್ಲಿ ಕೂತಿದ್ದಾನೆ, ಮನೆಯಲ್ಲಿ ಕೊಡ್ಲಿಕ್ಕೆ ಏನೂ ಇಲ್ಲ, ಚಿಕ್ಕ ವಾಸುದೇವ (ಆಚಾರ್ಯರ ಬಾಲ್ಯದ ಹೆಸರು) ಹೋಗಿ ಮರದ ಬುಡದಿಂದ ಬೀಜ ತಂದು ಕೈಗೆ ಹಾಕ್ತಾನೆ, ಮುಂದೆ ಅದೇ ಹಣ ಆಯ್ತು ಅಂತ ನಾವೆಲ್ಲ ಕೇಳಿದ್ದು. ಮಧ್ವಾಚಾರ್ಯರ ಜನನ 1238 ಅಂತ ಲೆಕ್ಕ, ಆಗ ಇಲ್ಲಿ ಆಳ್ತಿದ್ದದ್ದು ಆಳುಪರು. ಹಾಗಾದ್ರೆ ಪಾಜಕದಲ್ಲಿ ಸಾಲ ಕೊಟ್ಟವ ಲೆಕ್ಕ ಇಡ್ತಿದ್ದದ್ದು ಗದ್ಯಾಣದಲ್ಲಿ, ಚಿಲ್ಲರೆಗೆ ಹಣದಲ್ಲಿ. ಹಣ ಅನ್ನೋದೇ ಆಗ ಒಂದು ನಾಣ್ಯದ ಹೆಸರು, ಚಿನ್ನದ್ದೇ, ಆದ್ರೆ ಎಷ್ಟು ಸಣ್ಣದು ಅಂದ್ರೆ ನೆಲಕ್ಕೆ ಬಿದ್ರೆ ಹುಡುಕ್ಲಿಕ್ಕೆ ಕಷ್ಟ, ಅರ್ಧ ಗ್ರಾಂ ಕೂಡ ತೂಗೋದಿಲ್ಲ. ಗದ್ಯಾಣ ಹಾಗಲ್ಲ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ, ದಪ್ಪಗೆ. ಒಂದು ಹುಣಸೆ ಬೀಜ ಅಂಗೈಯಲ್ಲಿ ಇಟ್ಟು ನೋಡ್ಲಿ ಮಗಳು, ಹತ್ತಿರ ಹತ್ತಿರ ಅದೇ ಗಾತ್ರ. ನಾನು ಇದನ್ನ ನಿಮ್ಮ ಪತ್ರ ಬಂದ ಮೇಲೆ ಅಡುಗೆಮನೆ ಡಬ್ಬಿಯಿಂದ ಬೀಜ ತೆಗ್ದು ಇಟ್ಟು ನೋಡಿದೆ, ಆ ಕತೆ ಹೇಳಿದವರಿಗೆ ಗದ್ಯಾಣ ಕೈಯಲ್ಲಿ ಹಿಡಿದು ಗೊತ್ತಿತ್ತು ಅಂತ ಅನಿಸಿತು ನನಗೆ.

1818ರ ಈಸ್ಟ್ ಇಂಡಿಯಾ ಕಂಪನಿ ಒಂದಾಣೆ, ರಾಮ ದರ್ಬಾರ್ ಇರೋದು. ಲಕ್ಷಗಟ್ಟಲೆ ಬೆಲೆ ಅಂತ ನಮ್ಮಪ್ಪ ಹದಿನೈದು ಸಾವಿರ ಕೊಟ್ಟು ತಂದಿದ್ದಾರೆ. ಎಲ್ಲಿ ಮಾರ್ಬೇಕು?
(ಸುರತ್ಕಲ್, ಕಾಲೇಜು ವಿದ್ಯಾರ್ಥಿ)

ತಮ್ಮಾ, ಬೇಜಾರ್ ಮಾಡ್ಬೇಡ, ಅಂಥ ನಾಣ್ಯವನ್ನ ಕಂಪನಿ ಹೊಡೆಸಿದ್ದೇ ಇಲ್ಲ. 1616, 1717, 1818, 1839 ಅಂತ ಇಸವಿ ಹಾಕಿ, ರಾಮ ಸೀತೆ ಹನುಮಂತ ಹಾಕಿ ಮಾಡೋದು ಅದು, ಇಸವಿಗಳನ್ನೇ ನೋಡಿದ್ರೆ ಗೊತ್ತಾಗ್ತದೆ ಯಾರೋ ಕೂತು ಚಂದಕ್ಕೆ ಹಾಕಿದ್ದು ಅಂತ. ಇನ್ನೊಂದು ಪುರಾವೆ ನಾಣ್ಯದ ಮೇಲೇ ಉಂಟು, ಒಂದಾಣೆ ಅಂತ ಬರೆದಿದೆ ಅಲ್ವಾ? ಕಂಪನಿಯ 1835ರ ಸರಣಿಯಲ್ಲಿ ತಾಮ್ರದ ದೊಡ್ಡ ನಾಣ್ಯ ಅಂದ್ರೆ ಅರ್ಧಾಣೆ, ಒಂದಾಣೆ ನಾಣ್ಯ ಅಂತ ನಮ್ಮ ಜನರ ಕೈಗೆ ಬಂದದ್ದು ಏಳನೇ ಎಡ್ವರ್ಡ್ ಕಾಲಕ್ಕೆ, 1906ರ ಹೊತ್ತಿಗೆ, ಅಂಚು ಅಲೆಅಲೆ ಇರೋ ನಿಕ್ಕಲ್ ಮಿಶ್ರದ್ದು.

ಅಪ್ಪನನ್ನ ಬೈಬೇಡ. ಕಂಪನಿ ದೇವರ ಚಿತ್ರ ಹಾಕಿದ್ದೇ ಇಲ್ಲ ಅಂತಲ್ಲ, ಮದ್ರಾಸಿನಲ್ಲಿ ಮೂರು ಸ್ವಾಮಿ ವರಾಹ ಅಂತ ಚಿನ್ನದ್ದು ಹೊಡೆಸಿದ್ರು, ವೆಂಕಟೇಶ್ವರ, ಎರಡು ಬದಿ ಅಮ್ಮನವರು. ಹಾಗಿರುವಾಗ ರಾಮ ದರ್ಬಾರ್ ಇದ್ದಿರಬಹುದು ಅಂತ ಯಾರಿಗಾದ್ರೂ ಅನಿಸ್ತದೆ, ಮೋಸ ಮಾಡೋರು ಹಿಡಿಯೋದೇ ಆ ಅನಿಸಿಕೆಯನ್ನ. ಇನ್ನು ಮಾರ್ಲಿಕ್ಕೆ ಆನ್‌ಲೈನಲ್ಲಿ ಹಾಕಿದ್ರೆ ಎರಡನೇ ಗುಂಪು ಬರ್ತದೆ, ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಕಮಿಷನ್ ಕಟ್ಟಿ, ಟ್ಯಾಕ್ಸ್ ಕಟ್ಟಿ ಅಂತ. ಹಾಗೆ ನಾವು ಯಾವ ಶುಲ್ಕವೂ ಕೇಳೋದಿಲ್ಲ, ಈ ವ್ಯವಹಾರ ನಮ್ಮದಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿದೆ. ಇದ್ದದ್ದು ದೇವರ ಕೋಣೆಯಲ್ಲಿ ಇಡಿ, ಇನ್ನೊಬ್ಬರಿಗೆ ಮಾರ್ಬೇಡಿ.

ಬೇರೆ ದೇಶದವರಿಗೂ ಹೀಗೆ ಇಲ್ಲದ ನಾಣ್ಯದ ಹುಚ್ಚು ಉಂಟಾ?
(ಮಣಿಪಾಲ)

ಉಂಟು ಉಂಟು. ಅಮೆರಿಕದಲ್ಲಿ 1965ರ ಮೇ ತಿಂಗಳಲ್ಲಿ ಡೆನ್ವರ್ ಟಂಕಸಾಲೆ 1964 ಅಂತ ಇಸವಿ ಹಾಕಿ ಪೀಸ್ ಡಾಲರ್ ಅನ್ನೋ ಬೆಳ್ಳಿ ನಾಣ್ಯ ಹೊಡೀತು, 3,16,076 ನಾಣ್ಯ, ಆಮೇಲೆ ಬೇಡ ಅಂತಾಯ್ತು, ಎಲ್ಲ ಕರಗಿಸಿದ್ರು. ಒಂದಾದ್ರೂ ತಪ್ಪಿಸಿಕೊಂಡಿರಬಹುದಾ ಅಂತ ಜನ ಇವತ್ತಿಗೂ ಕಾಯ್ತಿದ್ದಾರೆ. ಅದಕ್ಕಿಂತ ನನಗೆ ಇಷ್ಟ ಸ್ಯಾನ್ ಫ್ರಾನ್ಸಿಸ್ಕೋದ 1873ರ ಬೆಳ್ಳಿ ಡಾಲರ್, ದಾಖಲೆಯಲ್ಲಿ 700 ಹೊಡೆದದ್ದು ಉಂಟು, ಕಣ್ಣಿಗೆ ಒಂದೂ ಬಿದ್ದಿಲ್ಲ. ನೋಡಿ, ನಮ್ಮ ಗದ್ಯಾಣದ ಕತೆಯೇ, ಅವರದ್ದು ಕಡತ ನಮ್ಮದು ಕಲ್ಲು.

ಕಾದದ್ದಕ್ಕೆ ಫಲ ಸಿಕ್ಕಿದ್ದೂ ಉಂಟು. ಅಲ್ಲೇ 1913ರ ಲಿಬರ್ಟಿ ನಿಕ್ಕಲ್ ಅಂತ ಐದು ಸೆಂಟಿನ ನಾಣ್ಯ, ಇರೋದು ಐದೇ ಐದು. ಅದರಲ್ಲೊಂದು ಇದ್ದವರು 1962ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ್ರು, ನಾಣ್ಯ ನಕಲಿ ಅಂತ ಹೇಳಿ ಮನೆಯವರಿಗೆ ವಾಪಸ್ ಬಂತು, ಅವರು ಬಿಸಾಡದೆ ಕಪಾಟಲ್ಲಿ ಇಟ್ರು. 2003ರಲ್ಲಿ ಉಳಿದ ನಾಲ್ಕರ ಜೊತೆ ಇಟ್ಟು ನೋಡಿದಾಗ ಅಸಲಿ! 2013ರಲ್ಲಿ 30 ಲಕ್ಷ ಡಾಲರಿಗೂ ಮೇಲೆ ಹೋಯ್ತು.

ಟಿಪ್ಪು ಮಂಗಳೂರಿನಲ್ಲಿ ಹೊಡೆಸಿದ ನಾಣ್ಯ?
(ಬಂಟ್ವಾಳ)

ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಬೆಂಗಳೂರು, ಕಲ್ಲಿಕೋಟೆ ಹೀಗೆ ಊರಿನ ಹೆಸರು ಇರೋದು ಬರ್ತದೆ, ನಾನು ನೋಡಿದ ಕ್ಯಾಟಲಾಗಿನಲ್ಲಿ ಮಂಗಳೂರಿಲ್ಲ. ಟಿಪ್ಪುವಿಗೂ ಕಂಪನಿಗೂ ಮಂಗಳೂರು ಒಪ್ಪಂದ ಆದದ್ದು 1784 ಮಾರ್ಚ್ 11ಕ್ಕೆ, ಅಂದ್ರೆ ಹಿಜರಿ 1198. ಆ ಇಸವಿ, ಮೇಲೆ ಆನೆ, ಕೆಳಗೆ ಮಂಗಳೂರಿನ ಹೆಸರು ಇರೋ ತಾಮ್ರದ ದುಡ್ಡು ಒಂದು ಬಂದ್ರೆ ನಾನೂ ನೋಡ್ಲಿಕ್ಕೆ ಬಂಟ್ವಾಳಕ್ಕೆ ಬರ್ತೇನೆ.

ತೋಟದಲ್ಲಿ ಗುಂಡಿ ತೋಡುವಾಗ ಸಿಕ್ಕಿದ್ರೆ ನಮ್ಮದೇ ಅಲ್ವಾ?
(ಕಾರ್ಕಳ)

ಅಲ್ಲ. ನಿಧಿಗೆ ಅಂತಲೇ ಕಾಯ್ದೆ ಉಂಟು, ಬೆಲೆಬಾಳೋದು ಸಿಕ್ಕಿದ್ರೆ ಜಿಲ್ಲಾಧಿಕಾರಿಗೆ ತಿಳಿಸ್ಬೇಕು. ಮತ್ತೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮಡಕೆ ಚೂರು ಸಿಕ್ಕಿದ್ರೆ ಅದನ್ನೂ ಇಡಿ. ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಅನ್ನೋದು ಹೋದ್ರೆ ಉಳಿಯೋದು ಬರೀ ಚಿನ್ನ.

ಅಜ್ಜಿಯ ಪುತಳಿ ಸರ ಉಂಟು, ಮಗಳ ಮದುವೆಗೆ ಕರಗಿಸಿ ಬಳೆ ಮಾಡಿಸೋಣ ಅಂತ. ಅದರಲ್ಲಿ ಏನಾದ್ರೂ ಅಪರೂಪದ್ದು ಇರಬಹುದಾ?
(ಕಾಪು, ಗೃಹಿಣಿ)

ಅಕ್ಕಾ, ಕರಗಿಸ್ಲಿಕ್ಕೆ ಕೊಡುವ ಮೊದಲು ಒಂದು ಸಂಜೆ ಕೂತು ನೋಡಿ. ಪುತಳಿ ಅಂತ ನಾವು ಹೇಳೋದು ಮೂಲದಲ್ಲಿ ಇಟಲಿಯ ವೆನಿಸ್‌ನ ಡುಕಾಟ್, ಹಡಗಲ್ಲಿ ಮೆಣಸಿಗೆ ಬದಲಾಗಿ ನಮ್ಮ ಕರಾವಳಿಗೆ ಬಂದದ್ದು, ಒಂದೊಂದು ಸುಮಾರು ಮೂರೂವರೆ ಗ್ರಾಂ. ಒಂದು ಬದಿ ಇಬ್ಬರು ಗೊಂಬೆಗಳ ಹಾಗೆ ಕಾಣ್ತಾರೆ, ಸಂತ ಮಾರ್ಕ್ ನಿಂತಿದ್ದಾನೆ, ವೆನಿಸ್‌ನ ಅಧಿಪತಿ ಮೊಣಕಾಲೂರಿದ್ದಾನೆ. ಪಕ್ಕದ ಅಕ್ಷರ ಲೆನ್ಸ್ ಹಿಡಿದು ನೋಡಿ, ಓದ್ಲಿಕ್ಕೆ ಆಗೋ ಹೆಸರಾದ್ರೆ ವೆನಿಸ್‌ನದ್ದು, 1797ಕ್ಕೆ ಆ ಗಣರಾಜ್ಯವೇ ಮುಗೀತು, ಹಾಗಾಗಿ ಹೆಚ್ಚಾಗಿ ಅದಕ್ಕಿಂತ ಹಿಂದಿನದ್ದು. ಅಕ್ಷರ ಬರೀ ಗೀಟುಗೀಟಾಗಿದ್ರೆ ನಮ್ಮ ಕಡೆ ನೋಡಿ ಮಾಡಿದ್ದು, ಅದನ್ನೂ ಹಗುರ ಮಾಡ್ಬೇಡಿ. ಜೊತೆಗೆ ಪವನು, ಅಂದ್ರೆ ಬ್ರಿಟಿಷರ ಚಿನ್ನದ ನಾಣ್ಯ ಇದ್ರೆ 1918ರದ್ದು ಉಂಟಾ ನೋಡಿ, ಕುದುರೆಯ ಕೆಳಗಿನ ನೆಲದ ಗೆರೆಯಲ್ಲಿ ಸಣ್ಣ ಇಂಗ್ಲಿಷ್ ಐ (I) ಅಕ್ಷರ ಇದ್ರೆ ಅದು ಬೊಂಬಾಯಿಯಲ್ಲೇ ಹೊಡೆದ ಪವನು, ಆ ಒಂದೇ ವರ್ಷ ಹೊಡೆದದ್ದು.

ನಮ್ಮ ಮನೆಯಲ್ಲಿ ಅಜ್ಜಿಯ ಸರದಲ್ಲಿ ಇಪ್ಪತ್ತೊಂದು ಬಿಲ್ಲೆ ಇತ್ತು. ನಾನಾಗ ಹೈಸ್ಕೂಲು. ಅತ್ತೆಯ ಮದುವೆಗೆ ಅಂತ ಅಕ್ಕಸಾಲಿಗರ ಅಂಗಡಿಗೆ ನಾನೂ ಅಪ್ಪನ ಜೊತೆ ಹೋಗಿದ್ದೆ, ಎರಡು ಬಿಲ್ಲೆ ಉಳಿದವುಗಳ ಹಾಗಿರ್ಲಿಲ್ಲ, ಸಣ್ಣಕ್ಕೆ ದಪ್ಪಗೆ, ಒಂದರ ಮೇಲೆ ಮೀನಿನ ಹಾಗೆ ಏನೋ ಇತ್ತು. ಅಂಗಡಿಯವರು ತೂಕ ಹಾಕಿ, ಕೊಂಡಿ ಕತ್ತರಿಸಿ, ಎಲ್ಲ ಒಟ್ಟಿಗೆ ಮೂಸೆಗೆ ಹಾಕಿದ್ರು. ಒಂದು ಕಾಗದದ ಮೇಲೆ ಪೆನ್ಸಿಲಿಂದ ಉಜ್ಜಿ ಅಚ್ಚು ತೆಗೀಬಹುದಿತ್ತು, ನನಗೆ ಗೊತ್ತಿರ್ಲಿಲ್ಲ. ಅದು ಮೀನೇ ಆಗಿತ್ತಾ ಅಂತ ನಲವತ್ತು ವರ್ಷದಿಂದ ಯೋಚನೆ ಮಾಡ್ತಿದ್ದೇನೆ.

ನಿಮ್ಮ ಸರದ ಪ್ರತಿ ಬಿಲ್ಲೆಯ ಎರಡೂ ಬದಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ಹಗಲು ಬೆಳಕಲ್ಲಿ ಫೋಟೋ ತೆಗ್ದು ಕಳ್ಸಿ ಅಕ್ಕ. ಮದುವೆ ಯಾವಾಗ ಅಂತ ಬರೀಲಿಲ್ಲ ನೀವು, ಹತ್ತಿರ ಇದ್ರೆ ಅಂಚೆಗೆ ಕಾಯ್ಬೇಡಿ, ಪತ್ರಿಕೆ ಆಫೀಸಿಗೆ ಫೋನ್ ಮಾಡಿ ನನ್ನನ್ನ ಕೇಳಿ.