15ರ ಹುಡುಗ ಕದ್ದರೆ ಮುಂದೆಯೂ ಕಳ್ಳನೇ ಆಗ್ತಾನಾ?

ನಿಮ್ಮ ಅಕ್ಕನ ಮಗನಿಗೆ 15 ವರ್ಷ, ಎಸ್‌ಎಸ್‌ಎಲ್‌ಸಿ ಓದ್ತಿದ್ದಾನೆ. ಗೆಳೆಯರ ಜೊತೆ ಸೇರಿ ತೋಟದ ಕಣದಲ್ಲಿ ಒಣಗಲು ಹಾಕಿದ್ದ ಮೆಣಸು ಕದ್ದು ಸಿಕ್ಕಿಬಿದ್ದ. ನಿಮ್ಮ ಭಾವ ಶಾಲೆ ಬಿಡಿಸಿ ಬೆಂಗಳೂರಿನ ಗ್ಯಾರೇಜಿಗೆ ಹಾಕಬೇಕು ಅಂತಿದ್ದಾರೆ. ಇದು ತಾನೇ ವಿಷಯ?

ನಾನು ಮೂಡಿಗೆರೆ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವನು. ದಯವಿಟ್ಟು ಶಾಲೆ ಬಿಡಿಸಬೇಡಿ.

ಒಂದು ಪ್ರಶ್ನೆಯನ್ನು ನಿಮ್ಮ ಅಕ್ಕನಿಗೇ ಕೇಳಿ. ಐದಾರು ವರ್ಷದವನಿದ್ದಾಗ ಇವನು ಹೇಗಿದ್ದ? ಟೆರ್ರಿ ಮೊಫಿಟ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಇಂಥ ಮಕ್ಕಳಲ್ಲಿ ಎರಡು ಬಗೆ ಇದೆ ಎಂದರು. ಕೆಲವೇ ಮಕ್ಕಳದ್ದು ಚಿಕ್ಕಂದಿನಿಂದಲೇ ಶುರು: ಹೊಡೆತ, ಸುಳ್ಳು, ತಡೆಯಲಾಗದ ಸಿಟ್ಟು. ಅದರ ಜೊತೆಗೆ ಮನೆಯ ವಾತಾವರಣವೂ ಸರಿಯಿಲ್ಲದಿದ್ದರೆ ಅದು ದೊಡ್ಡವರಾದ ಮೇಲೂ ಮುಂದುವರಿಯುತ್ತದೆ. ಉಳಿದ ಹೆಚ್ಚಿನವರು ಮೀಸೆ ಚಿಗುರುವ ಹೊತ್ತಿಗೆ ಶುರುಮಾಡಿ, ಇಪ್ಪತ್ತು ದಾಟಿದ ಮೇಲೆ ತಾವೇ ಬಿಡುತ್ತಾರೆ. ಮೈ ಬೆಳೆದಿರುತ್ತದೆ, ಆದರೆ ಕೈಯಲ್ಲಿ ದುಡ್ಡಿಲ್ಲ, ಮಾತಿಗೆ ಬೆಲೆಯಿಲ್ಲ. ದೊಡ್ಡವನು ಅನ್ನಿಸಿಕೊಳ್ಳೋಕೆ ಗುಂಪಿನಲ್ಲಿ ಪುಂಡಾಟ ಸುಲಭದ ದಾರಿ, ಅಲ್ವಾ?

ಆದರೆ ಈ ಎರಡನೇ ಬಗೆಯವರೂ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಮೊಫಿಟ್ ಎಚ್ಚರಿಸುತ್ತಾರೆ. ಓದು ನಿಂತರೆ, ಕುಡಿತ ಹತ್ತಿದರೆ, ಪೊಲೀಸ್ ದಾಖಲೆ ಅಂಟಿಕೊಂಡರೆ ವಾಪಸ್ ಬರುವ ದಾರಿ ಮುಚ್ಚುತ್ತದೆ. ನಿಮ್ಮ ಭಾವ ಶಿಕ್ಷೆ ಅಂದುಕೊಂಡಿರೋದು ಇದನ್ನೇ.

ಹಾಗಂತ ಚಿಕ್ಕಂದಿನಿಂದ ತಂಟೆಕೋರ ಆಗಿದ್ದವನ ಕಥೆ ಮುಗಿದೇಹೋಯಿತು ಅಂತಲ್ಲ. ಇಲ್ಲಿ ನನಗೆ ಸ್ಯಾಂಪ್ಸನ್ ಮತ್ತು ಲಾಬ್ ಎಂಬ ಅಮೆರಿಕದ ಇಬ್ಬರು ಅಪರಾಧ ಸಂಶೋಧಕರು ಹೇಳಿದ್ದೇ ಹೆಚ್ಚು ಸರಿ ಅನ್ನಿಸುತ್ತದೆ. ಬಾಸ್ಟನ್ನಿನಲ್ಲಿ ಬಾಲಾಪರಾಧಿಗಳಾಗಿದ್ದ 500 ಹುಡುಗರ ಹಳೆಯ ದಾಖಲೆಗಳನ್ನು ಇವರು ಮತ್ತೆ ಬಿಡಿಸಿ ನೋಡಿದರು. ಕೆಲವರನ್ನು 70ರ ಹತ್ತಿರದ ವಯಸ್ಸಿನಲ್ಲಿ ಹುಡುಕಿ ಮಾತಾಡಿಸಿದರು. ಒಂದೇ ಥರದ ಬಾಲ್ಯ ಕಂಡವರ ಬದುಕೂ ಬೇರೆ ಬೇರೆ ದಾರಿ ಹಿಡಿದಿತ್ತು. ನೆಲೆಯಾದ ಕೆಲಸ, ಒಳ್ಳೆಯ ಮದುವೆ, ಸೈನ್ಯದ ಸೇವೆ ಎಷ್ಟೋ ಜನರನ್ನು ತಿರುಗಿಸಿತ್ತು. ಮದುವೆ ಮನೆಯಲ್ಲಿ ಕೂತು "ಅವನು ಹುಟ್ಟಿದ್ದೇ ಹಾಗೆ" ಅನ್ನುವ ನೆಂಟರಿಗೆ ಇದು ರುಚಿಸಲ್ಲ, ಬಿಡಿ.

ಇನ್ನು ಕಾನೂನು. 18 ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಸಣ್ಣ ಕಳ್ಳತನಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವಂತಿಲ್ಲ. ಆದರೆ ಗುಂಪಿನಲ್ಲಿ 18 ದಾಟಿದವರಿದ್ದರೆ ಮಾತು ಬೇರೆ, ಅದನ್ನು ಮೊದಲು ವಿಚಾರಿಸಿ. ತಂದೆತಾಯಿ ಇಬ್ಬರೂ ಹುಡುಗನ ಜೊತೆಗೇ ಮಂಡಳಿಗೆ ಹೋಗಲಿ. ತೋಟದವರಿಗೆ ಮೆಣಸಿನ ದುಡ್ಡನ್ನು ಇವನೇ ರಜೆಯಲ್ಲಿ ದುಡಿದು ಕೊಡಲಿ, ಆದರೆ ಪರೀಕ್ಷೆ ಬರೆದ ಮೇಲೆ.