ಓದುಗರ ಪ್ರಶ್ನೆ: “ರೌಡಿ ಮಕ್ಕಳ ಶಾಲೆ”ಗೆ ಹೆಡ್ ಆಗಲಾ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ಈಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ ಒಂದು ಸೆಕೆಂಡರಿ ಶಾಲೆಯಲ್ಲಿ ಗಣಿತದ ಟೀಚರ್, ಜೊತೆಗೆ ಡೆಪ್ಯುಟಿ ಹೆಡ್. ಭಾವನೆ, ವರ್ತನೆಯ ತೊಂದರೆ ಇರುವ 11ರಿಂದ 16 ವರ್ಷದ ಮಕ್ಕಳಿಗೆಂದೇ ಇರುವ ವಿಶೇಷ ಶಾಲೆಗೆ ಹೆಡ್ ಆಗಿ ಅರ್ಜಿ ಹಾಕು ಎಂದು ಗೊತ್ತಿರುವವರು ಹೇಳುತ್ತಿದ್ದಾರೆ. ನಮ್ಮ ಯಜಮಾನರು “ರೌಡಿ ಮಕ್ಕಳ ಶಾಲೆ, ಏಟು ತಿಂದು ಬರ್ತೀಯ” ಅನ್ನುತ್ತಾರೆ. ಶಿಸ್ತಿನ ವಿಷಯದಲ್ಲಿ ನನಗೆ ಒಳ್ಳೆ ಹೆಸರಿದೆ. ಹೋಗಲಾ?
(ಹೆಸರು ಬೇಡ)

ಉತ್ತರ: ಹೋಗಿ. ಆದರೆ ಶಿಸ್ತಿನ ಹೆಸರು ಅಲ್ಲಿ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಆ ಮಕ್ಕಳಲ್ಲಿ ತುಂಬಾ ಜನ ಬೇರೆ ಶಾಲೆಯಿಂದ ಹೊರಗೆ ಹಾಕಿಸಿಕೊಂಡೇ ಬಂದಿರುತ್ತಾರೆ. ಗದರಿಕೆ, ಡಿಟೆನ್ಶನ್ (ಶಾಲೆ ಬಿಟ್ಟ ಮೇಲೂ ಕೂರಿಸುವ ಶಿಕ್ಷೆ) ಎಲ್ಲ ನೋಡಿ ಮುಗಿದಿದೆ. ಸಸ್ಪೆಂಡ್ ಮಾಡುವ ಅಧಿಕಾರ ಅಲ್ಲಿ ಹೆಡ್‌ಗೆ ಮಾತ್ರ, ಒಂದು ಮಗುವಿಗೆ ಒಂದು ಶಾಲಾ ವರ್ಷದಲ್ಲಿ 45 ದಿನದವರೆಗೆ. ಮನೆಗೆ ಹೋದರೆ ಸಾಕು ಅಂತ ಕಾಯುತ್ತಿರುವ ಹುಡುಗನನ್ನು ಮನೆಗೇ ಕಳಿಸಿದರೆ ಅದು ಬಹುಮಾನ ಅಲ್ವಾ?

ನಾನೂ ಇಂಥ ಶಾಲೆಯ ಆಡಳಿತದಲ್ಲಿ ಇದ್ದವಳು. ಹೆಡ್ ಮೊದಲು ಸಂಭಾಳಿಸಬೇಕಾದ್ದು ದೊಡ್ಡವರನ್ನು. ಎಂಟೋ ಹತ್ತೋ ಮಕ್ಕಳ ಕ್ಲಾಸು, ಒಬ್ಬ ಟೀಚರ್, ಒಬ್ಬಿಬ್ಬರು ಸಹಾಯಕರು. ಬೆಳಿಗ್ಗೆ ಬೈಸಿಕೊಂಡು, ಮೈಮೇಲೆ ಉಗುಳಿಸಿಕೊಂಡು, ಮಧ್ಯಾಹ್ನ ಅದೇ ಹುಡುಗನ ಪಕ್ಕ ಕೂತು ಭಿನ್ನರಾಶಿ ಹೇಳಿಕೊಡಬೇಕು, ಅದೂ ಏನೂ ಆಗಿಲ್ಲ ಅನ್ನುವ ಮುಖದಲ್ಲಿ. ಎಲ್ಲರಿಗಿಂತ ಕಡಿಮೆ ಸಂಬಳದ ಸಹಾಯಕರೇ ಇದಕ್ಕೆ ಜಾಸ್ತಿ ಹೊತ್ತು ಎದುರು ನಿಲ್ಲುವವರು. ಗಲಾಟೆ ಆದ ದಿನ ಅವರನ್ನು ಕೂರಿಸಿ, ಒಂದು ಕಪ್ ಟೀ ಕೊಟ್ಟು, ಏನಾಯ್ತು ಎಂದು ಕೇಳುವ ಹೆಡ್ ಇದ್ದರೆ ಜನ ಉಳಿಯುತ್ತಾರೆ. ಇಲ್ಲದಿದ್ದರೆ ತಾತ್ಕಾಲಿಕ ಸಿಬ್ಬಂದಿ ಕಳಿಸುವ ಏಜೆನ್ಸಿಯಿಂದ ವಾರಕ್ಕೊಂದು ಹೊಸ ಮುಖ. ಈ ಮಕ್ಕಳನ್ನು ಕೆರಳಿಸಲು ಅದೊಂದೇ ಸಾಕು.

ಬೆಳಿಗ್ಗೆ ಗೇಟಿನಲ್ಲಿ ನೀವೇ ನಿಲ್ಲಿ. ತುಂಬಾ ಮಕ್ಕಳು ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕಳಿಸುವ ಟ್ಯಾಕ್ಸಿಯಲ್ಲಿ ಬರುತ್ತಾರೆ. ಬಾಗಿಲು ಹೇಗೆ ಹಾಕಿದ, ಟೋಪಿ ಎಷ್ಟು ಕೆಳಗೆ ಎಳೆದುಕೊಂಡಿದ್ದಾನೆ, ಡ್ರೈವರ್ ಬದಲಾಗಿದ್ದಾರಾ, ಇಷ್ಟು ನೋಡಿದರೆ ಸಾಕು. ಡ್ರೈವರ್ ಬದಲಾದರೆ ಕೆಲವರಿಗೆ ಮೊದಲ ಎರಡು ಪೀರಿಯಡ್ ಹೋದ ಹಾಗೆಯೇ. ಅಂಥವನಿಗೆ ಮೊದಲು ಬೆಣ್ಣೆ ಸವರಿದ ಟೋಸ್ಟು, ಆಮೇಲೆ ಗಣಿತ. (ಗಣಿತದ ಟೀಚರ್‌ಗೆ ಇದು ಜೀರ್ಣ ಆಗೋದು ಕಷ್ಟ, ಗೊತ್ತು.)

ಹಾಳೆ ಹರಿದು ಎಸೆಯುವ 13 ವರ್ಷದ ಹುಡುಗನಿಗೆ ಓದಲು ಬರುತ್ತದಾ ಅಂತ ಮೊದಲು ನೋಡಿ. ಎಷ್ಟೋ ಸಲ ಬರುವುದಿಲ್ಲ, ಮತ್ತು ಅದು ಗೆಳೆಯರಿಗೆ ಗೊತ್ತಾಗೋದಕ್ಕಿಂತ ಕ್ಲಾಸಿನಿಂದ ಹೊರಗೆ ಹಾಕಿಸಿಕೊಳ್ಳೋದೇ ವಾಸಿ ಅನ್ನಿಸಿರುತ್ತದೆ ಅವನಿಗೆ. ಮಾತು ಅರ್ಥ ಮಾಡಿಕೊಳ್ಳುವ ತೊಂದರೆ ಯಾರ ಕಣ್ಣಿಗೂ ಬೀಳದೆ ಉಳಿದಿರುವುದೂ ಉಂಟು. ನೀವು ಉದ್ದುದ್ದ ಬೈದರೆ ಅರ್ಧ ತಲುಪಿರುವುದೇ ಇಲ್ಲ.

ಇನ್ನು ಯಜಮಾನರ ಭಯ. ಅದು ಸುಳ್ಳಲ್ಲ. ಯಾರಿಗಾದರೂ ಪೆಟ್ಟಾಗುವಂತಿದ್ದರೆ ಅಗತ್ಯ ಇರುವಷ್ಟು ಬಲ ಹಾಕಿ ಮಗುವನ್ನು ತಡೆಯಲು ಅಲ್ಲಿನ 2006ರ ಕಾನೂನು ಸಿಬ್ಬಂದಿಗೆ ಅವಕಾಶ ಕೊಡುತ್ತದೆ. ಶಿಕ್ಷೆ ಕೊಡಲು ಹಾಗೆ ಮಾಡುವಂತಿಲ್ಲ. ಹಿಡಿದ ಪ್ರತಿ ಸಲವೂ ಬರೆದಿಡಿ, ಅವತ್ತೇ ಮನೆಗೆ ಫೋನ್ ಮಾಡಿಸಿ. ತಿಂಗಳ ಕೊನೆಗೆ ಆ ದಾಖಲೆ ತೆಗೆದು ನೋಡಿ. ಅದೇ ಹೆಸರು, ಅದೇ ಪೀರಿಯಡ್ ಮತ್ತೆ ಮತ್ತೆ ಬಂದಿದ್ದರೆ ಟೈಂಟೇಬಲ್ ಬದಲಿಸಿ.

ಅರ್ಜಿ ಹಾಕುವ ಮೊದಲು ಊಟದ ಹೊತ್ತಿಗೆ ಹೋಗಿ ಶಾಲೆ ನೋಡಿ ಬನ್ನಿ. ಕಳೆದ ವರ್ಷ ಎಷ್ಟು ಜನ ಕೆಲಸ ಬಿಟ್ಟರು, ಎಷ್ಟು ಮಕ್ಕಳು ಅರ್ಧ ದಿನ ಮಾತ್ರ ಬರುತ್ತಿದ್ದಾರೆ ಎಂದು ಕೇಳಿ. ಹಾರಿಕೆ ಉತ್ತರ ಬಂದರೆ ಬೇರೆ ಶಾಲೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಹೈಸ್ಕೂಲ್ ಹೆಡ್‌ಮಾಸ್ಟರ್. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ತಂದೆ ತೀರಿಕೊಂಡ ಮೇಲೆ ಬರೀ ಹೊಡೆದಾಟ, ಬೆಂಚು ಮುರಿಯುವುದು. ಟಿಸಿ ಕೊಟ್ಟು ಕಳಿಸಿ ಎಂದು ಸ್ಟಾಫ್ ಹಟ ಹಿಡಿದಿದ್ದಾರೆ.
(ತುಮಕೂರು ಜಿಲ್ಲೆ)

ಉತ್ತರ: ಕೊಡಬೇಡಿ ಸರ್. ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ ಎನ್ನುತ್ತದೆ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ. ನಿಮ್ಮ ಹುಡುಗ ಒಂದೇ ಒಂದು ಕ್ಲಾಸು ದಾಟಿದ್ದಾನೆ ಅಷ್ಟೇ. ಇಂಗ್ಲೆಂಡಿನಲ್ಲಿ ಇಂಥವನಿಗೆ ಬೇರೆ ಶಾಲೆಯಾದರೂ ಉಂಟು, ಇಲ್ಲಿ ಟಿಸಿ ಕೈಗೆ ಬಂದರೆ ಗ್ಯಾರೇಜೇ ಗತಿ. ಅವನ ಜೊತೆ ಹೊಂದಿಕೆ ಇರುವ ಒಬ್ಬರು, ಪಿಟಿ ಮೇಷ್ಟ್ರೇ ಇರಬಹುದು, ಪ್ರಾರ್ಥನೆಗೆ ಮುಂಚೆ ದಿನಾ ಐದು ನಿಮಿಷ ಸುಮ್ನೆ ಮಾತಾಡಿಸಲಿ. ತಾಯಿಯನ್ನು ಕರೆಸಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ದೂರು ಒಪ್ಪಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮನೋವೈದ್ಯರು ನೋಡುವ ಕ್ಲಿನಿಕ್) ನಡೆಯುತ್ತಿದೆಯಾ ವಿಚಾರಿಸಿ. ನಡೆಯುತ್ತಿದ್ದರೆ ತಾಯಿ ಜೊತೆ ಆ ಮೇಷ್ಟ್ರೂ ಹೋಗಲಿ, ಅವತ್ತಿನ ಅವರ ಪೀರಿಯಡ್ ನೀವು ತೆಗೆದುಕೊಳ್ಳಿ.